ಸೋದರತ್ತೆಯ ಬೆನ್ನು

ತೊಟ್ಟಿಲ ಶಾಸ್ತ್ರಕ್ಕೆ ಎರಡೇ ದಿನ ಇತ್ತು. ನನ್ನ ಹೊಸ ರವಿಕೆಯ ಹಿಂದಿನ ಗುಂಡಿ ಹಾಕುತ್ತಿದ್ದ ಅಜ್ಜಿ ತಿಪ್ಪವ್ವ ಕೆಂಡ ಮುಟ್ಟಿದವಳಂತೆ ಕೈ ಹಿಂದೆ ತೆಗೆದಳು.

“ಗಜಕರ್ಣ!”

ಅತ್ತಿಗೆ ಸುಲಭಾ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದಳು. ಎಡ ಹೆಗಲಿನ ಕೆಳಗೆ ಅಂಗೈಯಗಲದ ಕೆಂಪು ಬಳೆ. ಒಳಗೆ ತಿಳಿ ಬಣ್ಣ, ಅದರ ನಡುವೆ ಮತ್ತೊಂದು ಕೆಂಪು ಬೊಟ್ಟು. ನನಗೆ ಅದು ಅಜ್ಜಿಯ ಕಥೆಗಳ ಕೋಟೆಯ ಹಾಗೆ ಕಂಡಿತು: ಸುತ್ತ ಕಂದಕ, ಒಳಗೆ ಒಬ್ಬಳೇ ರಾಜಕುಮಾರಿ.

“ಭಾಳ ಚಂದ ಅದ ಅಲ್ಲ?” ಎಂದೆ.

“ಚಂದ ಅಂತ! ಹತ್ತೋ ಜಡ್ಡು ಅದು. ಕೂಸಿನ್ನ ಮುಟ್ಟಿದಿ ಅಂದ್ರ ನೋಡು! ಹೆಸರಿಡೋ ಕೆಲಸ ಅನುಸೂಯಾ ಮಾಡ್ತಾಳ. ನಿಮ್ಮ ದೊಡ್ಡಪ್ಪನ ಮಗಳು, ಅಕಿನೂ ಸೋದರತ್ತಿನ.”

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲ ಸಲ ಹೆಸರು ಉಸುರುವವಳು ಸೋದರತ್ತೆ. ಹಿಮಾಚಲದ ಹುಲ್ಲುಗಾವಲುಗಳಲ್ಲಿ ಬೀಜ ಸಂಗ್ರಹಿಸುವ ಕೆಲಸದಲ್ಲಿದ್ದ ನಾನು, ಅಣ್ಣನಿಗೆ ಮಗಳು ಹುಟ್ಟಿದ ಸುದ್ದಿ ಕೇಳಿ ಒಂದು ಹೆಸರನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಪುಣೆಗೆ ಓಡಿ ಬಂದಿದ್ದೆ. ಒಂದು ವಾರದಿಂದ ನನ್ನ ಮಡಿಲಲ್ಲೇ ಮಲಗುತ್ತಿದ್ದ ಕೂಸನ್ನು ಈಗ ಬಾಗಿಲ ಹೊರಗೆ ನಿಂತು ನೋಡಬೇಕಾಯಿತು.

ಅಜ್ಜಿ ಬೆಳ್ಳುಳ್ಳಿ ಅರೆದು ಹಚ್ಚಿದಳು. ನನ್ನ ಟವೆಲ್ಲು, ತಾಟು ಬೇರೆಯಾದವು. ಸುಲಭಾ ಮಾತ್ರ ಪೆನ್ನಿನಿಂದ ಬಳೆಯ ಅಂಚಿಗೆ ಗೆರೆ ಎಳೆದಿಟ್ಟಳು. ಮರುದಿನ ಬೆಳಗ್ಗೆ ಕೆಂಪು ಆ ಗೆರೆಯನ್ನು ಒಂದು ಬೆರಳು ದಾಟಿತ್ತು. “ಡಾಕ್ಟರ ಕಡೆ ನಡೀರಿ” ಎಂದು ಅವಳೇ ಹೊರಡಿಸಿದಳು. ಸ್ವಂತ ಕಿವಿಯಿಂದ ಕೇಳಬೇಕೆಂದು ಅಜ್ಜಿಯೂ ರಿಕ್ಷಾ ಹತ್ತಿದಳು.

ಕೊಂಢವಾ ಬಡಾವಣೆಯ ಚರ್ಮದ ಡಾಕ್ಟರು ಮಂಜರಿ ಮೊದಲು ಮೂಗು ಅರಳಿಸಿದರು. “ಚಟ್ನಿ ಯಾರು ಹಚ್ಚಿದ್ದು?” ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ ಗೋಡೆ ನೋಡಿದಳು.

“ತುರಿಸುತ್ತದಾ?”

“ಇಲ್ಲ.”

“ಹೊಟ್ಟು ಏಳುತ್ತದಾ?”

“ಅದೂ ಇಲ್ಲ.”

“ಎಲ್ಲಿಗಾದರೂ ಹೋಗಿದ್ದೆಯಾ?”

ಹಿಮಾಚಲದ ಹುಲ್ಲಿನ ಮಾತು ಕೇಳಿದ್ದೇ ಅವರ ಕಣ್ಣು ಮಿನುಗಿದವು. ಇದು ಗಜಕರ್ಣವಲ್ಲ, ಲೈಮ್ ರೋಗದ ಮೊದಲ ಗುರುತು, ತಾವು ಪುಸ್ತಕದ ಹೊರಗೆ ನೋಡುತ್ತಿರುವುದು ಇದೇ ಮೊದಲು ಎಂದರು. ಹುಲ್ಲಿನಲ್ಲಿದ್ದ ‘ಗೋಚೀಡ’ ಗೊತ್ತಾಗದಂತೆ ಕಚ್ಚಿ ರೋಗಾಣು ಬಿಟ್ಟಿದೆ. ಹದಿನಾಲ್ಕು ದಿನ ಮಾತ್ರೆ, ಒಂದೂ ತಪ್ಪಿಸುವಂತಿಲ್ಲ. ಬಿಟ್ಟರೆ ಕೀಲು, ನರಗಳಿಗೆ ಇಳಿಯಬಹುದು.

“ಕೂಸನ್ನು ಎತ್ತಿಕೊಳ್ಳಬಹುದಾ?” ಎಂದು ಕೇಳಿದೆ.

“ಮನೆಗೆ ಹೋದ ಕೂಡಲೇ ಎತ್ತಿಕೋ. ಇದು ಮನುಷ್ಯರಿಂದ ಮನುಷ್ಯರಿಗೆ ಹತ್ತುವುದಿಲ್ಲ.”

ನಲವತ್ತು ವರ್ಷ ಪುಣೆಯಲ್ಲಿ ಕಳೆದ ಅಜ್ಜಿಗೆ ಮರಾಠಿ ಬೇಕಾದಷ್ಟು ಬರುತ್ತಿತ್ತು. “ಗೋಚೀಡ? ಉಣ್ಣಿ ಏನು!” ಎಂದು ನಕ್ಕೇಬಿಟ್ಟಳು. “ನಮ್ಮ ಎಮ್ಮಿ ಮೈಯಾಗಿನ್ವು ದಿನಾ ಮುಷ್ಟಿ ತುಂಬ ಕೀಳ್ತಿದ್ದೆ ನಾ.”

“ನಿನ್ನ ಎಮ್ಮಿ ಹಿಮಾಚಲಕ್ಕ ಹೋಗಿರಲಿಲ್ಲ, ಅಜ್ಜಿ.”

“ಹೋಗಿದ್ರ ಹೊಟ್ಟಿ ತುಂಬ ಹುಲ್ಲಾದ್ರೂ ತಿಂದು ಬರ್ತಿತ್ತು. ನೀ ಬರೇ ಬೀಜ ಆರಿಸ್ಕೊಂಡು ಬಂದಿ.” ಹಾಗೆಂದು ಡಾಕ್ಟರತ್ತ ಬಾಗಿದಳು. “ಹೆಸರಿಡೋವಾಗ ಸೋದರತ್ತಿ ಬೆನ್ನಿಗೆ ಗುದ್ದೋದು ಅದ ರೀ ನಮ್ಮಲ್ಲಿ. ನಡೀತದೇನ್ರಿ?”

ಡಾಕ್ಟರೂ ನಕ್ಕರು. “ನಮ್ಮಲ್ಲೂ ಗುದ್ದುತ್ತೇವೆ. ಈ ಬಳೆ ಬಿಟ್ಟು ಬೇರೆ ಕಡೆ ಗುದ್ದಿ.”

ಮರುದಿನ ಸಂಜೆ ನಾಲ್ಕನೆಯ ಮಾತ್ರೆಯನ್ನು ಅಜ್ಜಿಯೇ ನಿಂತು ನುಂಗಿಸಿದಳು. ಆಮೇಲೆ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಹಾಲಿನ ವಾಸನೆಯ ಆ ಪುಟ್ಟ ಕಿವಿಗೆ ಬಾಗಿ, ವಾಡಿಕೆಯಂತೆ “ಕುರ್ರ್... ಚುಕ್ಕಿ” ಎಂದೆನೋ ಇಲ್ಲವೋ, ಬಲಬೆನ್ನಿಗೆ ಧಬಧಬ ಗುದ್ದು ಬಿದ್ದವು. ಎಲ್ಲಕ್ಕಿಂತ ಜೋರಿನದು ಅನುಸೂಯಾಳದು.

“ನನ್ನ ಪಾಳಿ ತಪ್ಪಿಸಿದ್ದಕ್ಕ ಇದು!” ಎಂದಳು.

“ಚುಕ್ಕಿ?” ಅಜ್ಜಿ ಹುಬ್ಬೇರಿಸಿದಳು. “ನಾಳೆ ಸಾಲ್ಯಾಗ ಏನಂತ ಬರಸ್ತೀರಿ?”

“ಚುಕ್ಕಿ ಪ್ರೇಮಕುಮಾರ ಅಂತ” ಎಂದು ತನ್ನ ಹೆಸರನ್ನೂ ಜೋಡಿಸಿದ ಅಣ್ಣ, ಬಾಗಿಲಲ್ಲಿ ನಿಂತು ಹಿಗ್ಗುತ್ತ.

ಅಜ್ಜಿ ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದು ನೋಡಿದಳು. ಇನ್ನೊಮ್ಮೆ ಅಂದಳು. ಆಮೇಲೆ ನನ್ನ ಬೆನ್ನಿಗೆ ತಾನೂ ಒಂದು ಬಿಟ್ಟಳು.

“ಮೂರು ಸಲ ಹೇಳಬೇಕು, ಹುಚ್ಚಿ. ಒಂದ ಸಲಕ್ಕ ಬಿಟ್ಟಿಯಲ್ಲ!”

ನಾನು ನಗುತ್ತ ಮತ್ತೆ ಆ ಕಿವಿಗೆ ಬಾಗಿದೆ.