ಬಟ್ಟಲಿನ ಸುತ್ತ ಹನ್ನೆರಡು ಹೆಸರು

ಬಾರ್ಲಿ ಕೊಯ್ಲನ್ನು ಅರ್ಧಕ್ಕೆ ಬಿಟ್ಟು ಬಂದವರು ಕುಡುಗೋಲುಗಳನ್ನು ಅಂಗಳದ ಗೋಡೆಗೆ ಒರಗಿಸಿದ್ದರು. ಒಳಗೆ ಬುನ್ಯೊ ಗಂಡ ಒಕ್ಚೊಲ್‌ನ ಹಳೆಯ ಅಂಗಿಗಳನ್ನು ಸುರುಳಿ ಸುತ್ತಿ ಶವಪೆಟ್ಟಿಗೆಯ ಸಂದಿಗಳಿಗೆ ತುರುಕುತ್ತಿದ್ದಳು.

“ಇನ್ನೂ ಒತ್ತಿ ಅಕ್ಕ,” ಎಂದಳು ಪಕ್ಕದ ಮನೆಯ ಸುಲ್ಲಿ. “ಗುಡ್ಡ ಹತ್ತುವಾಗ ಭಾವ ಒಳಗೆ ಹೊರಳಬಾರದು.”

“ಜೈಲಲ್ಲಿ ಒಂಬತ್ತು ವರ್ಷ ಹೊರಳೋಕೂ ಜಾಗ ಇರ್ಲಿಲ್ಲ ಅವರಿಗೆ. ಇವತ್ತೊಂದಿನ ಹೊರಳಿದ್ರೆ ಹೊರಳ್ಲಿ ಬಿಡು.”

ಅಷ್ಟರಲ್ಲಿ ರೈತ ಐಕ್ಯ ಪಕ್ಷದ ಕಾರ್ಯದರ್ಶಿ ತಾಗ್ಯೊಂ ಬಂದ. ಕಂಕುಳಲ್ಲಿ ಮಡಿಸಿದ ಬಾವುಟ. ಸೊರಾನ್ ದೇಶವನ್ನು ಈಗ ಆಳುತ್ತಿರುವುದು ಅದೇ ಪಕ್ಷ. ಪೇಟೆಯ ಸ್ಮಾರಕದ ಕಲ್ಲಿನ ಮೇಲೆ ಅದರ ಸ್ಥಾಪಕರ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯವನಾದ ಒಕ್ಚೊಲ್‌ನ ಹೆಸರಿಲ್ಲ. ಅದನ್ನು ಕೆತ್ತಿಸಿರೆಂದು ಬುನ್ಯೊ ಇಪ್ಪತ್ತು ವರ್ಷಗಳಿಂದ ಅರ್ಜಿ ಬರೆಸುತ್ತಲೇ ಬಂದಿದ್ದಳು.

“ಬಾವುಟ ಹೊದಿಸೋಣ ಅಮ್ಮ. ಬೆಂಬಲಿಗರು ಅಂತ.”

“ಬೆಂಬಲಿಗ ಅಂದ್ರೆ ಸಭೇಲಿ ಚಪ್ಪಾಳೆ ಹೊಡೆಯೋನಲ್ವಾ? ಅಂಥೋರು ನಿಮಗೆ ಬೇಕಾದಷ್ಟು ಸಿಕ್ತಾರೆ. ಅವರಿಗೆ ಹೊದಿಸು.”

“ಸ್ಥಾಪಕರು ಅನ್ನೋಕೆ ನನಗೆ ಅಧಿಕಾರ ಇಲ್ಲ. ಬದುಕಿರೋ ಸ್ಥಾಪಕರೊಬ್ಬರು ಸಾಕ್ಷಿ ಹೇಳಿದ್ರೆ ಈಗಲೇ ಬರ್ಕೊಳ್ತೀನಿ.”

ಬದುಕಿದ್ದವನು ಮಾನ್ಸೊಕ್ ಒಬ್ಬನೇ. ಪೆಟ್ಟಿಗೆಯ ಮುಂದಿನ ಬೊಂಬಿಗೆ ಹೆಗಲು ಕೊಡಲು ಅವನು ಅಂಗಳದಲ್ಲಿ ಕಾಯುತ್ತಿದ್ದ.

*

ಪಕ್ಷ ಹುಟ್ಟಿದ್ದು ಇದೇ ಮನೆಯ ಕೊಟ್ಟಿಗೆಯಲ್ಲಿ, ನಾಟಿಗೆ ಮುಂಚಿನ ಒಂದು ಬೆಳಿಗ್ಗೆ. ಬುನ್ಯೊ ಕೊಟ್ಟ ಅನ್ನದ ಬಟ್ಟಲನ್ನು ಕಾಗದದ ಮೇಲೆ ಬೋರಲು ಹಾಕಿ, ಸುತ್ತ ಮಸಿಯ ಗೀಟೆಳೆದು, ಹನ್ನೆರಡು ಜನ ಅದರ ಸುತ್ತ ಹೆಸರು ಬರೆದರು. ಅದು ಆ ಸೀಮೆಯ ಹಳೆಯ ರೂಢಿ. ದುಂಡಗೆ ಬರೆದರೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಸಿಕ್ಕಿಬಿದ್ದರೂ ಮುಖಂಡ ಯಾರೆಂದು ತಿಳಿಯುವುದಿಲ್ಲ. ನಾನು ಮೊದಲು ಎಂದು ಯಾರೂ ಬಾಯಿಬಿಡಬಾರದೆಂದು ಆಣೆಯಾಯಿತು.

ಮೂರನೆಯ ದಿನವೇ ಕಾಗದ ಪೊಲೀಸರ ಕೈಸೇರಿತು, ಹನ್ನೆರಡೂ ಜನ ಸಿಕ್ಕಿಬಿದ್ದರು. ಠಾಣೆಯಲ್ಲಿ ಮಾನ್ಸೊಕ್‌ನ ಉಗುರಿಗೆ ಇಕ್ಕಳ ಹಿಡಿದಾಗ ಒಕ್ಚೊಲ್ ಹೇಳಿದ: “ಮೊದಲು ಬರೆದೋನು ನಾನು.”

ಉಳಿದವರು ವಾರದೊಳಗೆ ಮನೆಗೆ ಬಂದರು. ಒಂಬತ್ತು ವರ್ಷದ ಮೇಲೆ ಒಕ್ಚೊಲ್ ಬರುವಷ್ಟರಲ್ಲಿ ಪಕ್ಷ ಗೆದ್ದಿತ್ತು. ಆಣೆ ಮುರಿದು ತಾನೇ ಮುಖಂಡನೆಂದು ಹೇಳಿಕೊಂಡವನೆಂದು ಅವನ ಹೆಸರನ್ನು ತೆಗೆದುಹಾಕಿತ್ತು.

*

“ಮಾನ್ಸೊಕ್ ಭಾವ,” ಬುನ್ಯೊ ಅಂಗಳಕ್ಕೆ ಬಂದು ಕೇಳಿದಳು. “ನಿಮ್ಮನ್ನ ಉಳಿಸೋಕೆ ಹಾಗಂದ್ರು ಅಂತ ಒಂದು ಮಾತು ಹೇಳಿ. ಅವರು ಹೊಸಿಲು ದಾಟೋದ್ರೊಳಗೆ ಹೇಳಿ.”

ತಾಗ್ಯೊಂ ಪೆನ್ನಿನ ಮುಚ್ಚಳ ತೆಗೆದ. “ಹೇಳಿ ಅಜ್ಜ. ಆದ್ರೆ ಉಳಿದ ಹನ್ನೊಂದು ಜನ ಬಾಯಿ ಮುಚ್ಕೊಂಡು ಮನೆಗೆ ಬಂದ್ರು ಅಂತಾನೂ ಬರೀಬೇಕಾಗುತ್ತೆ. ನಿಮಗೆ ಸ್ಥಾಪಕರ ಪಿಂಚಣಿ ಕೊಡೋರು ಅದನ್ನೂ ಓದ್ತಾರೆ.”

ಮಾನ್ಸೊಕ್ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. “ತಾಳಿ, ಚಪ್ಪಲಿ ದಾರ ಸಡಿಲ ಆಗಿದೆ,” ಎಂದು ಕುಕ್ಕುರುಗಾಲಿನಲ್ಲಿ ಕೂತ.

ಕಾದರು. ಕೊನೆಗೆ ಸುಲ್ಲಿಯ ಗಂಡ ಬಂದು ಮುಂದಿನ ಬೊಂಬಿಗೆ ಹೆಗಲು ಕೊಟ್ಟ.

“ಬಾವುಟ ಏನ್ಮಾಡ್ಲಿ ಅಮ್ಮ?”

“ನಿನ್ನ ಹತ್ರಾನೇ ಇರ್ಲಿ ಮಗ. ಬಿಸಿಲಿದೆ, ಬೆವರು ಒರೆಸ್ಕೊ.”

ಪೆಟ್ಟಿಗೆ ಬಾರ್ಲಿ ಗದ್ದೆಯ ಬದುವಿನ ಮೇಲೆ ಸಾಗಿತು. ತಿರುವಿನಲ್ಲಿ ಬುನ್ಯೊ ಹಿಂತಿರುಗಿ ನೋಡಿದಳು. ಖಾಲಿ ಅಂಗಳದಲ್ಲಿ ಮಾನ್ಸೊಕ್ ಇನ್ನೂ ಕೂತೇ ಇದ್ದ. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.