ಆಂಬೊಂಗನ ಅಟ್ಟ ಮತ್ತು ಹನ್ನೊಂದು ತೂತು

2024ರ ಜೂನ್ 10, ಸೋಮವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಮಲೆಕುಲಾ ದ್ವೀಪದ ಮೂಡಣ ದಂಡೆಯ ಊರಿನಲ್ಲಿ ಆಂಬೊಂಗ್ ಬೀಜ ಒಣಗಿಸುವ ತನ್ನ ಅಟ್ಟದ ಕೆಳಗೆ ಮಂಡಿಯೂರಿ ಎರಡನೆಯ ಕೊರಡನ್ನು ಬೆಂಕಿಗೆ ತಳ್ಳುತ್ತಿದ್ದ. ಮೇಲೆ ಬಿದಿರಿನ ತಟ್ಟಿಯ ತುಂಬ ಕೊಕ್ಕೊ ಬೀಜ. ಆರು ದಿನ ಪೆಟ್ಟಿಗೆಯೊಳಗೆ ಬಾಳೆಯೆಲೆ ಹೊದ್ದು ಹುದುಗು ಬಂದ ಬೀಜ. ಹುಳಿ ವಾಸನೆ ಇನ್ನೂ ಆರಿರಲಿಲ್ಲ.

ಈ ಅಟ್ಟ ಆಂಬೊಂಗನ ಹೆಮ್ಮೆ. ಒಂಬತ್ತು ವರ್ಷದ ಹಿಂದೆ ಅವನೂ ಅವನ ತಮ್ಮನೂ ಸೇರಿ ಕಟ್ಟಿದ್ದು. ಮೂರು ಎಣ್ಣೆ ಡ್ರಮ್ಮುಗಳ ತಳ ಕತ್ತರಿಸಿ, ಒಂದಕ್ಕೊಂದು ಬೆಸೆದು, ಉದ್ದನೆಯ ಕೊಳವೆ ಮಾಡಿ ತಟ್ಟಿಯ ಕೆಳಗೆ ಮಲಗಿಸಿದ್ದರು. ಈ ಬಾಯಲ್ಲಿ ಬೆಂಕಿ, ಆ ತುದಿಯಲ್ಲಿ ಹೊಗೆಗೊಳವೆ. ಶಾಖ ಬೀಜಕ್ಕೆ, ಹೊಗೆ ಹೊರಕ್ಕೆ. ತಮ್ಮ ಈಗಿಲ್ಲ. ಅಟ್ಟ ಇದೆ. ಹದಿನಾಲ್ಕು ಮನೆಗಳ ಬೀಜ ಇದರ ಮೇಲೆಯೇ ಒಣಗುತ್ತದೆ.

"ಮಾವಾ, ಎಲ್ಲಿದ್ದೀರಿ? ಬೀಜದ ಜೊತೆ ನೀವೂ ಒಣಗ್ತಾ ಇದ್ದೀರಾ?"

ದನಿ ಕೇಳಿಯೇ ಗೊತ್ತಾಯಿತು. ಅಕ್ಕನ ಮಗಳು ರೊಸಿಂಡಾ. ಬೆಳೆಗಾರರ ಸಂಘದಲ್ಲಿ ಅವಳಿಗೆ ಕೆಲಸ. ಊರೂರು ತಿರುಗಿ ಬೀಜ ನೋಡುತ್ತಾಳೆ, ಕತ್ತರಿಸುತ್ತಾಳೆ, ಮೂಸುತ್ತಾಳೆ.

"ಒಣಗೋದಕ್ಕೆ ನನ್ನಲ್ಲಿ ನೀರೆಲ್ಲಿದೆ ಮಗಳೇ? ಎಲ್ಲಾ ನಿನ್ನತ್ತೆ ಹಿಂಡಿಯಾಯ್ತು," ಎಂದ ಆಂಬೊಂಗ್, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ. ಹಿತ್ತಲಲ್ಲಿ ಗೆಣಸು ತುರಿಯುತ್ತಿದ್ದ ಹೆಂಡತಿ ಎಲ್ಸಿನ್, "ಕೇಳಿಸ್ತು!" ಎಂದು ಕೂಗಿದಳು.

ರೊಸಿಂಡಾ ನಗಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದಳು.

"ಮೆಲ್ಬರ್ನಿನ ಚಾಕೊಲೇಟ್ ಕಂಪನಿಯವರು ಬರೆದಿದ್ದಾರೆ ಮಾವ. ಏಪ್ರಿಲ್‌ನಲ್ಲಿ ನಾವು ಕಳಿಸಿದ ಬೀಜ ವಾಪಸ್."

"ವಾಪಸ್ ಅಂದ್ರೆ?"

"ಅಂದ್ರೆ ಬೇಡ ಅಂತ. ತೇವಾಂಶ ಶೇಕಡಾ 9.4, ಏಳೂವರೆ ದಾಟಬಾರದು. ಅದನ್ನಾದರೂ ಸರಿ ಮಾಡಬಹುದು. ಆದರೆ ಹೊಗೆ ವಾಸನೆ ಅಂತಾರೆ."

ಆಂಬೊಂಗನಿಗೆ ಕೆನ್ನೆಗೆ ಹೊಡೆದಂತಾಯಿತು. "ಹೊಗೆಯಾ? ನಮ್ಮಮ್ಮ ನನ್ನ ಹೆತ್ತಿದ್ದೇ ಒಲೆ ಮಗ್ಗುಲಲ್ಲಿ. ಹೊಗೆ ಇಲ್ಲದ ಮನೇಲಿ ಯಾರಾದರೂ ಬದುಕ್ತಾರಾ? ಒಣಗಿಸಿದ್ದು ಬೆಂಕೀಲಿ, ವಾಸನೆ ಇನ್ನೇನು ಹೂವಿಂದಿರತ್ತಾ?"

"ಬೆಂಕಿ ಇರಲಿ ಮಾವ. ಹೊಗೆ ಬೀಜಕ್ಕೆ ತಾಗಬಾರದು, ಅಷ್ಟೇ. ಈ ಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬು. ಕೊಬ್ಬು ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಕುಡಿದುಬಿಡತ್ತೆ. ಆಮೇಲೆ ತೊಳೆದರೂ ಹೋಗಲ್ಲ, ಸಕ್ಕರೆ ಹಾಕಿದರೂ ಮುಚ್ಚಲ್ಲ."

"ಹಾಗಾದ್ರೆ ಬಿಡು. ಕಡಲ ಕಟ್ಟೆ ವ್ಯಾಪಾರಿ ತಗೋತಾನೆ. ಅವನೇನೂ ಮೂಸೋದಿಲ್ಲ."

"ಮೂಸಲ್ಲ. ಅವನು ಹೇಳಿದ ಬೆಲೆಗೆ ಕೊಟ್ಟು ಬರ್ತೀವಿ, ಬಾಯಿ ಮುಚ್ಚಿಕೊಂಡು." ರೊಸಿಂಡಾ ಕಾಗದ ಮಡಿಸಿದಳು. "ಇವರು ವರ್ಷಕ್ಕೆ ನಲವತ್ತು ಚೀಲ, ಮೂರು ವರ್ಷ, ಮೊದಲೇ ಮಾತಾದ ಬೆಲೆಗೆ ತಗೋತೀವಿ ಅಂದಿದ್ರು. ಹದಿನಾಲ್ಕು ಮನೆಗೂ ಅದೇ ಬೆಲೆ. ಇನ್ನೊಂದೇ ಒಂದು ಸಲ ನೋಡ್ತಾರಂತೆ. ಜುಲೈ ಒಂಬತ್ತಕ್ಕೆ ಅವರ ಕಡೆಯವರು ಇಲ್ಲಿಗೇ ಬರ್ತಾರೆ. ಆಗಲೂ ಹೊಗೆ ಇದ್ದರೆ ಬೇರೆ ದ್ವೀಪಕ್ಕೆ ಹೋಗ್ತಾರೆ."

"ಹೋಗಲಿ ಅನ್ನೋಣ ಅನ್ನಿಸ್ತದೆ," ಎಂದ ಆಂಬೊಂಗ್. "ಹೊರಗಿನವರು ನಮ್ಮಜ್ಜನ ಕಾಲದಲ್ಲೂ ಬಂದಿದ್ರು. ಒಂದು ಕೊಡಲಿ, ಎರಡು ಗಜ ಬಟ್ಟೆ ಕೊಟ್ಟು, ಹೊಳೆ ತನಕ ನೆಲ ನಮ್ಮದು ಅಂದ್ರು. ಅದನ್ನ ವಾಪಸ್ ತಗೊಳ್ಳೋಕೆ ನಮಗೆ ಎರಡು ತಲೆಮಾರು ಬೇಕಾಯ್ತು."

"ಆ ಭಯ ಇರಬೇಕು ಮಾವ, ಬಿಡಬೇಡಿ. ಆದರೆ ಇವರು ಕೇಳ್ತಿರೋದು ನೆಲ ಅಲ್ಲ, ಮರ ಅಲ್ಲ. ಒಣಗಿದ ಬೀಜ. ಕರಾರು ಬಂದಾಗ ನಮ್ಮ ಮಾತಲ್ಲೇ ಎಲ್ಲರ ಮುಂದೆ ಓದ್ತೀನಿ. ಒಪ್ಪಿಗೆ ಇಲ್ಲದಿದ್ರೆ ಹರಿದು ಹಾಕಿ. ಆದರೆ ಬೀಜ ಚೆನ್ನಾಗಿಲ್ಲದೆ ಹೋದ್ರೆ, ಬೇಡ ಅನ್ನೋ ಹಕ್ಕು ಅವರ ಕೈಲಿರತ್ತೆ, ನಮ್ಮ ಕೈಲಲ್ಲ."

 ಅವಳು ಚೀಲದಿಂದ ಮುಚ್ಚಳದ ಮೂರು ಗಾಜಿನ ಡಬ್ಬಿ ತೆಗೆದು ಸಾಲಾಗಿ ಇಟ್ಟಳು. ಪ್ರತಿಯೊಂದರಲ್ಲೂ ಕುಟ್ಟಿದ ಬೀಜ, ಸ್ವಲ್ಪ ಬಿಸಿನೀರು.

"ಒಂದರಲ್ಲಿ ಬಿಸಿಲಲ್ಲಿ ಒಣಗಿದ ಬೀಜ. ಎರಡರಲ್ಲಿ ನಿಮ್ಮ ಅಟ್ಟದ್ದು. ಯಾವುದು ಯಾವುದು ಹೇಳಿ."

ಆಂಬೊಂಗ್ ಮೂಸಿದ. ಮತ್ತೆ ಮೂಸಿದ. ಎಲ್ಸಿನಳನ್ನು ಕರೆದ. ಅವಳೂ ತುರಿಮಣೆ ಬಿಟ್ಟು ಬಂದು, ಕೈಯೊರೆಸಿಕೊಂಡು, ಮೂರನ್ನೂ ಮೂಸಿದಳು.

"ಮೂರೂ ಒಂದೇ," ಎಂದ ಆಂಬೊಂಗ್ ಗೆದ್ದವನಂತೆ.

"ಒಂದೇ ಕಣೇ," ಎಂದಳು ಎಲ್ಸಿನ್.

"ನನಗೂ ಮೊದಲು ಒಂದೇ ಅನ್ನಿಸಿತ್ತು ಅತ್ತೆ," ಎಂದಳು ರೊಸಿಂಡಾ. "ಪಟ್ಟಣದಲ್ಲಿ ನಾಲ್ಕು ತಿಂಗಳು ಗ್ಯಾಸ್ ಒಲೆಯ ಮನೇಲಿದ್ದು ಬಂದ ಮೇಲೆ ಗೊತ್ತಾಯ್ತು. ಹುಟ್ಟಿದಾಗಿಂದ ಹೊಗೇಲಿರೋ ಮೂಗು ಹೊಗೆಯನ್ನ ಲೆಕ್ಕಕ್ಕೇ ತಗೊಳ್ಳಲ್ಲ. ನಿಮ್ಮ ಮೂಗು ಸುಳ್ಳು ಹೇಳ್ತಿಲ್ಲ, ಅದಕ್ಕೆ ಅಭ್ಯಾಸ ಆಗಿಬಿಟ್ಟಿದೆ."

"ಅಂದ್ರೆ ನಾನು ನೋಡಿಲ್ಲದ್ದನ್ನ, ಮೂಸಿಲ್ಲದ್ದನ್ನ, ನೀನು ಹೇಳಿದೆ ಅಂತ ನಂಬಬೇಕು."

"ಬೇಡ. ಮೂಗು ಆಗದಿದ್ರೆ ಕಣ್ಣಿದೆ. ಇವತ್ತು ಬಿಸಿಲು ಚೆನ್ನಾಗಿದೆ. ಈ ಬೀಜ ಚಾಪೆ ಮೇಲೆ ಹರಡಿ, ಬೆಂಕಿ ಆರಿಸಿ. ನಾಳೆ ಹೊತ್ತು ನೆತ್ತಿಗೆ ಬಂದಾಗ ಕೊಳವೆ ಒಳಗೆ ತಲೆ ಹಾಕಿ ನೋಡಿ. ಏನೂ ಕಾಣದಿದ್ರೆ ಈ ಕಾಗದ ನಾನೇ ಒಲೆಗೆ ಹಾಕ್ತೀನಿ."

ಮರುದಿನ ಮಧ್ಯಾಹ್ನ ರೊಸಿಂಡಾ ಮತ್ತೆ ಬಂದಾಗ ಕೊಳವೆ ತಣ್ಣಗಾಗಿತ್ತು. ಆಂಬೊಂಗ್ ಅಂಗಿ ಕಳಚಿ, ಬೂದಿ ಗುಡಿಸಿ, ಬೆನ್ನಮೇಲೆ ಮಲಗಿ ಒಳಕ್ಕೆ ಜಾರಿದ. ಭುಜದವರೆಗೆ, ಸೊಂಟದವರೆಗೆ. ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಸಿಕ್ಕಿಹಾಕ್ಕೊಂಡ್ರೆ ನಾನು ಎಳೆಯಲ್ಲ, ಈಗಲೇ ಹೇಳಿದ್ದೀನಿ," ಎಂದಳು ಎಲ್ಸಿನ್.



ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಆಂಬೊಂಗನಿಗೆ ಕಂಡದ್ದು ಹಾಡುಹಗಲಿನ ನಕ್ಷತ್ರ. ಒಂದು ಎಳ್ಳಿನಷ್ಟು, ಒಂದು ಹೆಬ್ಬೆರಳಿನ ಉಗುರಿನಷ್ಟು. ತಮ್ಮ ಬೆಸೆದ ಎರಡನೆಯ ಜೋಡಣೆಯ ಸುತ್ತ ಐದು. ಬೆರಳಿಟ್ಟು ಒತ್ತಿದರೆ ತಗಡು ಒಣ ಬಿಸ್ಕತ್ತಿನಂತೆ ಪುಡಿಯಾಯಿತು. ಉಪ್ಪು ಗಾಳಿ ಹೊರಗಿನಿಂದ ತಿಂದಿತ್ತು, ಬೀಜದ ಹುಳಿ ರಸ ಮೇಲಿನಿಂದ ತೊಟ್ಟಿಕ್ಕಿ ತಿಂದಿತ್ತು. ಅವನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಪ್ರತಿ ತೂತಿನ ನೇರ ಮೇಲೆ ಬೀಜದ ತಟ್ಟಿ.

ಹೊರಬಂದಾಗ ಅವನ ಮುಖ ಮಸಿ. "ಹನ್ನೊಂದು," ಎಂದ. ಬೆರಳಿನ ತುಕ್ಕು ಒರೆಸುತ್ತ, "ತಮ್ಮ ಇದ್ದಿದ್ರೆ ಯಾವತ್ತೋ ನೋಡಿರೋನು," ಎಂದ.

ಎಲ್ಸಿನ್ ನೀರಿನ ಚೆಂಬು ಮುಂದಿಟ್ಟಳು.

ಅಷ್ಟರಲ್ಲಿ ದಾರಿಯಲ್ಲಿ ಏದುಸಿರು ಕೇಳಿಸಿತು. ಎಲ್ಸಿನಳ ಅಣ್ಣ ಮಾಸಿಂಗ್, ಹೆಗಲ ಮೇಲೆ ಒಂದು ಮೂಟೆ ಹಸಿ ಕೊಬ್ಬರಿ.

"ಏನ್ ಭಾವ, ಮುಖಕ್ಕೆ ಮಸಿ ಬಳಿದುಕೊಂಡು ಕೂತಿದ್ದೀರಿ? ತಂಗಿ ಒಲೆಗೆ ಹಾಕಿದ್ಲಾ? ತಟ್ಟಿ ಖಾಲಿ ಇದೆ ಅಂತ ಗೊತ್ತಾಯ್ತು, ಕೊಬ್ಬರಿ ತಂದೆ. ದೋಣಿಯಲ್ಲಿ ಇನ್ನೂ ನಾಲ್ಕು ಮೂಟೆ ಇದೆ."

ರೊಸಿಂಡಾ ಆಂಬೊಂಗನ ಕಡೆ ನೋಡಿದಳು. ಎರಡನೆಯ ತೊಂದರೆ ಇದೇ. ಕೊಕ್ಕೊ ಇಲ್ಲದ ದಿನ ಅದೇ ತಟ್ಟಿಯ ಮೇಲೆ ಕೊಬ್ಬರಿ ಬೀಳುತ್ತಿತ್ತು. ಕೊಬ್ಬರಿಯ ಎಣ್ಣೆ ಬಿದಿರಿಗೆ ಇಳಿದು, ಬಿದಿರಿನಿಂದ ಬೀಜಕ್ಕೆ ಏರುತ್ತಿತ್ತು. ಆಂಬೊಂಗನಿಗೂ ಅದು ಗೊತ್ತು. ಆದರೆ ಮಾಸಿಂಗ್ ಹೆಂಡತಿಯ ಅಣ್ಣ. ಹೆಣ್ಣು ಕೊಟ್ಟ ಮನೆಯವರಿಗೆ ಇಲ್ಲ ಎನ್ನುವ ಮಾತು ಈ ದಂಡೆಯಲ್ಲಿ ಇಲ್ಲ. ಇಲ್ಲ ಅಂದರೆ ಎರಡು ಮನೆ ಮುನಿಸಿಕೊಳ್ಳುತ್ತವೆ. ಅನ್ನದಿದ್ದರೆ ಹದಿನಾಲ್ಕು ಮನೆಯ ಬೀಜ ಕೆಡುತ್ತದೆ.

ಆಂಬೊಂಗ್ ನೀರು ಕುಡಿದ. ಎದ್ದು ನಿಂತ. "ಕೂತ್ಕೊಳ್ಳಿ ಭಾವ, ಎಳನೀರು ಕುಡೀರಿ. ಬಂದೆ," ಎಂದು ಕತ್ತಿ ಹಿಡಿದು ಊರ ಮುಖ್ಯಸ್ಥನ ಅಂಗಳದತ್ತ ನಡೆದ.

ಅರ್ಧ ಗಂಟೆಯ ಮೇಲೆ ಅವನೂ ಮುಖ್ಯಸ್ಥನೂ ಜೊತೆಯಾಗಿ ಬಂದರು. ಆಂಬೊಂಗನ ಕೈಯಲ್ಲಿ ನಿಷೇಧದ ಗುರುತಾದ ಎರಡು ನಮೆಲೆ ಎಲೆ, ಈಗಷ್ಟೇ ಕಡಿದವು. ಅಟ್ಟದ ಕಂಬಕ್ಕೆ ಅಡ್ಡಡ್ಡ ಇಟ್ಟು ಕಟ್ಟಿದ. ಮಾಸಿಂಗ್ ಎಳನೀರು ಕೆಳಗಿಟ್ಟು ಎದ್ದು ನಿಂತ. ನಮೆಲೆ ಕಟ್ಟಿದ ಮೇಲೆ ಅದನ್ನು ದಾಟುವವರು ದಂಡವಾಗಿ ಹಂದಿ ತರಬೇಕು. ಮುಖ್ಯಸ್ಥನೇ ದಾಟಿದರೂ ತರಬೇಕು.

"ಈ ಅಟ್ಟಕ್ಕೆ ಹೊಸ ಕೊಳವೆ ಬರೋ ತನಕ ಬೆಂಕಿ ಇಲ್ಲ," ಎಂದ ಆಂಬೊಂಗ್. "ಬಂದ ಮೇಲೂ ಇಲ್ಲಿ ಕೊಕ್ಕೊ ಮಾತ್ರ, ಎರಡನೇ ಎಲೆ ಅದಕ್ಕೆ. ಇದು ನನಗೂ ಸೇರಿ. ನಾನೇ ತಪ್ಪಿದ್ರೆ ನನ್ನ ಹಂದಿ."

ಮಾಸಿಂಗ್ ಎಲೆಯನ್ನು ನೋಡಿದ, ಮೂಟೆಯನ್ನು ನೋಡಿದ. ಕಡೆಗೆ ನಕ್ಕುಬಿಟ್ಟ. "ನನಗೆ ಇಲ್ಲ ಅನ್ನೋಕೆ ಧೈರ್ಯ ಸಾಲದೆ ಎಲೆ ಕೈಲಿ ಹೇಳಿಸಿದ್ರಲ್ಲ ಭಾವ!"

"ಎಲೆಗೆ ಭಾವಮೈದ ಯಾರೂ ಇಲ್ಲ ನೋಡಿ, ಅದಕ್ಕೆ."

"ಸರಿ, ನನ್ನ ಕೊಬ್ಬರಿ?"

"ನಿಮಗೆ ಹೊಳೆ ಆಚೆ ಬೇರೆ ಅಟ್ಟ. ನಾನೇ ಬಂದು ಕಟ್ಟಿಕೊಡ್ತೀನಿ. ಈ ಹಳೇ ತಟ್ಟಿಯೂ ನಿಮಗೇ. ಅಲ್ಲೀವರೆಗೆ ಬಿಸಿಲಿಗೆ ಹಾಕಿ. ಬದಲಿಗೆ ನಿಮ್ಮ ದೋಣಿ ಬೇಕು."

ದೋಣಿ ಬಂತು. ಕಡಲ ಕಟ್ಟೆಯಿಂದ ಮೂರು ಖಾಲಿ ಡ್ರಮ್ಮುಗಳು ಬಂದವು. ಮೊದಲು ಅವುಗಳೊಳಗೆ ಒಣ ತೆಂಗಿನ ಗರಿ ಉರಿಸಿ ಬಣ್ಣ, ಎಣ್ಣೆ ಎಲ್ಲ ಸುಟ್ಟು ತೆಗೆದರು. ಹೊಸ ಬಿದಿರು ಸೀಳಿದರು. ಹೊಗೆಗೊಳವೆಯನ್ನು ಸೂರಿಗಿಂತ ಎರಡು ಮಾರು ಎತ್ತರಿಸಿದರು. ಗಾಳಿ ತೆಂಕಣ ಮೂಡಲಿಂದ ಬೀಸುವುದರಿಂದ ಅದರ ಬಾಯನ್ನು ಗಾಳಿ ಹೋಗುವ ಬದಿಗೆ ತಿರುಗಿಸಿದರು. ಮೂರನೆಯ ವಾರ ಆಂಬೊಂಗ್ ಮತ್ತೆ ನಡುಹಗಲಲ್ಲಿ ಕೊಳವೆಯೊಳಗೆ ಜಾರಿದ.

"ಎಷ್ಟು ನಕ್ಷತ್ರ ಮಾವ?" ರೊಸಿಂಡಾ ಕೇಳಿದಳು.

"ಅಮಾವಾಸ್ಯೆಗೆ ಮೋಡ ಬೇರೆ ಕವಿದಿದೆ," ಎಂದಿತು ಒಳಗಿನ ದನಿ.

ಮುಖ್ಯಸ್ಥ ಬಂದು, ಬೆಂಕಿ ಬೇಡವೆಂದು ಕಟ್ಟಿದ ಎಲೆಯನ್ನು ಬಿಚ್ಚಿದ. ಕೊಬ್ಬರಿ ಬೇಡವೆಂದು ಕಟ್ಟಿದ್ದು ಹಾಗೇ ಉಳಿಯಿತು.

ಜುಲೈ ಒಂಬತ್ತರಂದು ಕಂಪನಿಯ ಬ್ರಿಜೆಟ್ ಬಂದಳು. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು. ತುರಿದ ಗೆಣಸನ್ನು ಎಲೆಯಲ್ಲಿ ಸುತ್ತಿ ಎಲ್ಸಿನ್ ಬೇಯಿಸಿದ ಲಾಪ್‌ಲಾಪನ್ನು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಆಲದ ಮರದ ಕೆಳಗೆ ಹದಿನಾಲ್ಕು ಮನೆಯವರ ಮುಂದೆ ರೊಸಿಂಡಾ ಕರಾರನ್ನು ಸಾಲುಸಾಲಾಗಿ ಊರ ಮಾತಿನಲ್ಲಿ ಓದಿದಳು. ನೆಲದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಆಂಬೊಂಗ್ ಅದನ್ನು ಎರಡು ಸಲ ಓದಿಸಿ ಕೇಳಿದ.

"ಒಂದು ಮಾತು ಕೇಳು ಮಗಳೇ," ಎಂದ. "ಯಾವುದೋ ವರ್ಷ ಇವರ ಊರಲ್ಲಿ ಚಾಕೊಲೇಟ್ ಬೇಡ ಅಂದುಬಿಟ್ರೆ? ಒಣಗಿಸಿಟ್ಟ ಬೀಜ ನಾನು ಹಂದಿಗೆ ಹಾಕಲಾ?"

ರೊಸಿಂಡಾ ಅದನ್ನು ಅವಳ ಮಾತಿನಲ್ಲಿ ಹೇಳಿದಾಗ ಬ್ರಿಜೆಟ್ ನಕ್ಕಳು, ಆಮೇಲೆ ಯೋಚಿಸಿದಳು. ಕೊಳ್ಳುವುದನ್ನು ನಿಲ್ಲಿಸುವುದಾದರೆ ಆರು ತಿಂಗಳು ಮೊದಲೇ ತಿಳಿಸುತ್ತೇವೆ, ಅಷ್ಟರೊಳಗೆ ಒಣಗಿದ್ದನ್ನೆಲ್ಲ ತೆಗೆದುಕೊಳ್ಳುತ್ತೇವೆ ಎಂದಳು.

"ಬಾಯಲ್ಲಿ ಹೇಳಿದ್ದು ಗಾಳಿಗೆ. ಕಾಗದದಲ್ಲಿ ಬರೀಲಿ."

ಅವಳು ಅಲ್ಲೇ ಬರೆದು ಸಹಿ ಮಾಡಿದಳು. ನಂತರ ಹೊಸ ತಟ್ಟಿಯಲ್ಲಿ ಒಣಗಿದ ಬೀಜದ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ನಾಲ್ಕನ್ನು ಕತ್ತರಿಸಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಹದಿನಾಲ್ಕು ಮನೆಯವರೂ ಉಸಿರು ಬಿಗಿ ಹಿಡಿದರು. ಮಾಸಿಂಗ್ ಮಾತ್ರ ತಂಗಿಯ ಕಿವಿಯಲ್ಲಿ, "ನಿದ್ದೆ ಹೋದ್ಲಾ?" ಎಂದ.

ಬ್ರಿಜೆಟ್ ಕಣ್ಣು ತೆರೆದು ಏನೋ ಅಂದಳು. ರೊಸಿಂಡಾಳ ಮುಖ ಅರಳಿತು.

"ಹಣ್ಣಿನ ವಾಸನೆ ಅಂತಾರೆ ಮಾವ. ಒಣದ್ರಾಕ್ಷಿ ಥರ. ಹೊಗೆ ಇಲ್ವಂತೆ."

ಆಂಬೊಂಗ್ ತಾನೂ ಒಂದು ಬೀಜ ಮುರಿದು ಮೂಸಿದ. ಅವನಿಗೆ ಎಂದಿನಂತೆ ಬೀಜದ ವಾಸನೆಯೇ ಬಂತು. "ಇರಬಹುದು," ಎಂದ. "ನನಗಂತೂ ಕಣ್ಣಿಗೆ ಕಂಡದ್ದೇ ಸಾಕು."

ಓದುವ, ಕೇಳುವ ಬಂಧುಗಳೇ, ನೀವು ಒಣಗಿಸುವುದು ಕೊಕ್ಕೊ ಇರಬಹುದು, ಏಲಕ್ಕಿ, ಮೆಣಸು, ಮೆಣಸಿನಕಾಯಿ ಇರಬಹುದು. ದೂರದ ದೇಶದ ಕಂಪನಿ ಇಂದು ನಿಮ್ಮ ಅಂಗಳದ ತನಕ ಬರಲು ಸಿದ್ಧವಿದೆ. ಅವರು ಬರುವ ಮೊದಲು ನೀವು ನಿಮ್ಮ ಒಲೆಯೊಳಗೆ ಹೊಕ್ಕು ನೋಡಿ. ಬೆಂಕಿ ಆರಿಸಿ, ನಡುಹಗಲಲ್ಲಿ, ಕೊಳವೆ ತಣ್ಣಗಾದ ಮೇಲೆ. ಬೆಳಕಿನ ಚುಕ್ಕೆ ಒಂದು ಕಂಡರೂ ಅದು ಹೊಗೆಯ ದಾರಿ; ಅಂದೇ ಮುಚ್ಚಿ. ಒಂದು ತಟ್ಟಿಯ ಮೇಲೆ ಒಂದೇ ಬೆಳೆ ಒಣಗಿಸಿ. ನೆಂಟರಿಗೆ ಇಲ್ಲ ಎನ್ನಲಾಗದಿದ್ದರೆ, ಊರವರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಕರಾರನ್ನು ನಿಮ್ಮ ಮಾತಿನಲ್ಲಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಮತ್ತು ತೇವವನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ.

ಆ ದಿನ ಮಧ್ಯಾಹ್ನ ಬ್ರಿಜೆಟ್ ತನ್ನ ಯಂತ್ರದ ಬಟ್ಟಲಿಗೆ ಆಂಬೊಂಗನ ಬೀಜ ಸುರಿದಾಗ ಅದು ತೋರಿಸಿದ ತೇವಾಂಶ: ಶೇಕಡಾ 6.8.