ದಾನಿಗಳ ಗುಂಡಿ

"ಥೂ, ಸೋಮಾರಿ ನನ್ಮಕ್ಳಾ! ಒಂದು ಗುಂಡಿ ತೋಡೋಕೆ ಎಷ್ಟೊತ್ರೋ? ಡೋನರ್ಸ್ ಕೆಂಗೇರಿ ದಾಟಿದ್ರಂತೆ. ಬಂದೋರು ನಿಮ್ಮ ಮುಕಳಿ ನೋಡ್ಕೊಂಡು ನಿಂತ್ಕೋಬೇಕಾ?"

ಬಸವಕಿರಣ ಫೋನನ್ನು ಕಿವಿಯಿಂದ ತೆಗೆಯದೆಯೇ ಬೈದ. ಕೆರೆಯಂಗಳ ಉಳಿಸುವ ಟ್ರಸ್ಟಿಗೆ ದೇಣಿಗೆ ಎತ್ತುವ ಕೆಲಸ ಅವನದು. ಗುಂಡಿ ತೋಡುತ್ತಿದ್ದ ಕೂಲಿ ಕೆಂಪಯ್ಯ ಮತ್ತೆ ಹಾರೆ ಎತ್ತಿದ. ನರ್ಸರಿಯಿಂದ ತಂದಿದ್ದ ಆಳೆತ್ತರದ ಗಿಡಕ್ಕೆ ಅಗಲವಾದ ಗುಂಡಿಯೇ ಬೇಕಿತ್ತು. ಅವನ ಹೆಂಡತಿ ಮುನಿತಾಯಮ್ಮ ಮಂಕರಿಗೆ ಮಣ್ಣು ತುಂಬುತ್ತಿದ್ದಳು.

"ಏಯಮ್ಮ, ಸೀರೆ ಹುಷಾರು. ವಿಡಿಯೋ ಮುಗಿದ್ಮೇಲೆ ವಾಪಸ್ ಕೊಡ್ಬೇಕು." ಬಸವಕಿರಣ ಅವಳ ಕಡೆ ತಿರುಗಿ ಗದರಿದ.

ಟ್ರಸ್ಟಿನವರು ಉಡಿಸಿದ್ದ ಹಸಿರು ಸೀರೆಯನ್ನು ಅವಳು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡಳು.

ಆ ಅಂಗಳ ಅವರ ಕೇರಿಯ ಮಸಣವಾಗಿತ್ತು. ಹಾಗಂತ ಸರ್ಕಾರ ಒಪ್ಪಿರಲಿಲ್ಲ. ಸತ್ತವರನ್ನು ಹೂಳಲು ಬೇರೆ ಜಾಗವನ್ನೂ ಕೊಟ್ಟಿರಲಿಲ್ಲ. ಹೆರಿಗೆಯಲ್ಲಿ ಹೋದ ಮಗಳು ಮಾಲಾಳನ್ನೂ ಇಲ್ಲೇ ಮಣ್ಣು ಮಾಡಿದ್ದರು. ನಾಯಿಗಳು ಕೆದರಿಯಾವೆಂದು ಕೆಂಪಯ್ಯ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನೇ ಹೊತ್ತು ತಂದು, ಅವಳ ಮೇಲಿಟ್ಟು ಮಣ್ಣೆಳೆದಿದ್ದ.

ಆಮೇಲೆ ಬಿಲ್ಡರುಗಳ ಕಣ್ಣು ಬಿತ್ತು. ಆಗ ಕೇರಿಗೆ ಬಂದವರು ಟ್ರಸ್ಟಿನ ಅಧ್ಯಕ್ಷೆ ಅನಘಾ ಮೇಡಂ. ಮುನಿತಾಯಮ್ಮನ ಕೈ ಹಿಡಿದುಕೊಂಡು, "ಜಾಗ ಉಳೀಬೇಕು ಅಂದ್ರೆ ನೀವೇ ಬಂದು ಮಾತಾಡ್ಬೇಕಮ್ಮ. ನಿಮ್ಮೋರು ಮಲಗಿರೋ ಕಡೆ ಯಾರೂ ಮುಟ್ಟಲ್ಲ, ಕಾಂಪೌಂಡ್ ಹಾಕಿಸ್ತೀನಿ" ಅಂದರು. ಅಂಥವರೊಬ್ಬರು ತನ್ನ ಕೈ ಮುಟ್ಟಿದ್ದು ಮುನಿತಾಯಮ್ಮನಿಗೆ ಅದೇ ಮೊದಲು. ರಾಜಾಜಿನಗರದ ದೊಡ್ಡ ಹಾಲಿನಲ್ಲಿ ಮೈಕಿನ ಮುಂದೆ ನಿಂತು, ಹೇಳಿಕೊಟ್ಟ ಹಾಗೇ, "ಈ ಮಣ್ಣು ನಮ್ಮವ್ವ, ಉಳಿಸ್ಕೊಡಿ ಸ್ವಾಮಿ" ಎಂದು ಸೆರಗೊಡ್ಡಿದಳು. ಜನ ಕಣ್ಣೊರೆಸಿಕೊಂಡರು. ದುಡ್ಡು ಬಂತು, ಬೇಲಿ ಬಂತು. ಗಿಡ ನೆಡಲೆಂದು ಟ್ರಸ್ಟಿನ ಜೆಸಿಬಿ ಬಂದು ಹೆಣ ಹೂತ ದಿಬ್ಬಗಳನ್ನೆಲ್ಲ ಸಪಾಟು ಮಾಡಿ ಹೋಯಿತು. ಕೇಳಲು ಹೋದಾಗೆಲ್ಲ ಮೇಡಂ ಮೀಟಿಂಗಿನಲ್ಲಿರುತ್ತಿದ್ದರು. ಮಗಳು ಎಲ್ಲಿದ್ದಾಳೆ ಎನ್ನುವ ಗುರುತೇ ತಪ್ಪಿಹೋಯಿತು. ಬೇಲಿಯೊಳಕ್ಕೆ ಕಾಲಿಡಲು ಬೇರೆ ದಾರಿ ಕಾಣದೆ ಗಂಡಹೆಂಡಿರು ಅಲ್ಲೇ ಕೂಲಿಗೆ ಸೇರಿದ್ದರು.

ಹಾರೆ ಠಣ್ಣೆಂದಿತು.

"ಬಂಡೆನಾ? ಮೀಟಿ ಆಚೆಗೆ ಹಾಕ್ರೋ."

ಕೆಂಪಯ್ಯ ಬಗ್ಗಿ ಮಣ್ಣು ಸರಿಸಿದ. ಅಂಚು ಮುಕ್ಕಾದ ಕಲ್ಲು. ಒಗೆದೊಗೆದು ನಡುವೆ ಹಳ್ಳ ಬಿದ್ದಿತ್ತು.

"ತಾಯಮ್ಮೀ... ನಮ್ ಮನೆ ಕಲ್ಲು ಕಣಮ್ಮೀ."

ಮುನಿತಾಯಮ್ಮ ಗುಂಡಿಗಿಳಿದಳು. ಹಳ್ಳದಲ್ಲಿ ಕೂತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ತುಂಬು ಬಸುರಿ ಮಾಲಾ ಈ ಕಲ್ಲಿನ ಮುಂದೆ ಸೊಂಟ ಹಿಡಿದುಕೊಂಡು ನಿಂತು, "ನೀ ಕೂತ್ಕೊಳವ್ವ, ಎರಡೇ ಬಟ್ಟೆ, ನಾನೇ ಒಗೀತೀನಿ" ಎಂದು ಹಟ ಮಾಡಿದ್ದಳು. ಅದಾದ ಮಾರನೆಯ ದಿನವೇ ಆಸ್ಪತ್ರೆ.

"ಸಾ, ನನ್ ಮಗ್ಳವ್ಳೆ ಇಲ್ಲಿ. ಈ ಗುಂಡಿ ಬ್ಯಾಡ."

"ಯಾವ್ ಮಗಳೇ? ಬೋರ್ಡ್ ಬರೆಸಿ ಆಗಿದೆ. ಈ ಸ್ಪಾಟು ಡೋನರ್ ಸಾಹೇಬ್ರು ಅವರಪ್ಪನ ನೆನಪಿಗೆ ತಗೊಂಡಿರೋದು. ಎದ್ದೇಳು ಮೇಲೆ!"

ಅಷ್ಟರಲ್ಲಿ ಕಾರುಗಳು ಬಂದವು. ಅನಘಾ ಮೇಡಂ ಮುಂದಾಗಿ ಬಂದು ಗುಂಡಿಯೊಳಗೆ ಇಣುಕಿದರು. ವಿಷಯ ತಿಳಿದು ಅವರ ಮುಖ ಸಪ್ಪಗಾಯಿತು. ದನಿ ತಗ್ಗಿಸಿ, "ಮುನಿತಾಯಮ್ಮ, ನಿಮ್ಮ ಮಗಳ ಮೇಲೆ ಒಂದು ಮರ ಬೆಳೆದ್ರೆ ಒಳ್ಳೇದೇ ಅಲ್ವಾ? ಎದ್ದು ಬನ್ನಿ. ಗೆಸ್ಟ್ ಮುಂದೆ ಹೀಗೆಲ್ಲ ಬೇಡ" ಅಂದರು.

"ಯಾರ್ ಹೆಸ್ರಿನ ಮರ ಮೇಡಂ?"

ಮೇಡಂ ಹಿಂದಕ್ಕೆ ತಿರುಗಿ ನೋಡಿದರು. ಹಿಂದಿದ್ದ ದಾನಿ, "ಎನಿ ಪ್ರಾಬ್ಲಂ?" ಎಂದು ಕೇಳಿದ.

"ಏನಿಲ್ಲ ಸಾರ್, ಲೇಬರ್ ಇಶ್ಯೂ" ಎನ್ನುತ್ತ ಬಸವಕಿರಣ ಬೋರ್ಡು ಕಿತ್ತು, ಬೇರೆ ಗಿಡಕ್ಕೆಂದು ತೋಡಿಟ್ಟಿದ್ದ ಪಕ್ಕದ ಗುಂಡಿಯ ಮುಂದೆ ನೆಟ್ಟ. ಗಿಡ ಇಳಿಯಿತು. ಚಪ್ಪಾಳೆ ಬಿತ್ತು. ಮುನಿತಾಯಮ್ಮ ಕ್ಯಾಮೆರಾಕ್ಕೆ ಕಾಣದಂತೆ ಟ್ರಸ್ಟಿನ ಹುಡುಗಿಯೊಬ್ಬಳು ಅವಳಿಗೆ ಬೆನ್ನು ಕೊಟ್ಟು ಬ್ಯಾನರು ಹಿಡಿದು ನಿಂತಳು.

ಬಂದವರೆಲ್ಲ ಟೀಗೆಂದು ಶಾಮಿಯಾನದತ್ತ ಹೊರಟ ಮೇಲೆ ಬಸವಕಿರಣ ತಿರುಗಿ ಬಂದ. "ಇಬ್ರೂ ಗೇಟಿಂದ ಆಚೆ ನಡೀರಿ. ನಾಳೆಯಿಂದ ಈ ಕಡೆ ತಲೆ ಹಾಕಿದ್ರೆ ಕಾಲು ಮುರಿಸ್ತೀನಿ."

"ಮುರ್ಸು ಬಾರೋ ಬೋಳಿಮಗ್ನೆ!" ಮುನಿತಾಯಮ್ಮ ಕಲ್ಲು ಬಿಟ್ಟು ಏಳಲಿಲ್ಲ. "ನನ್ ಬಾಯಲ್ಲೇ ಬೇಡಿಸ್ದಲ್ಲೋ, ನನ್ ಮಗ್ಳ ಎದೆ ಮ್ಯಾಕೆ ಹಾರೆ ಹಾಕಕ್ಕೆ! ನಾ ಏಳಾಕಿಲ್ಲ. ನನ್ನೂ ಸೇರ್ಸಿ ಮುಚ್ಚು."

ಅವನು ಸೆಕ್ಯೂರಿಟಿಯವರನ್ನು ಕೂಗುತ್ತ ಗೇಟಿನ ಕಡೆ ಹೋದ. ಕೆಂಪಯ್ಯ ಹಾರೆಯನ್ನು ಆಚೆಗೆಸೆದು, ಬರಿಗೈಯಲ್ಲಿ ಕಲ್ಲಿನ ಸುತ್ತ ಮಣ್ಣು ಒತ್ತತೊಡಗಿದ.

ಗಿಡಗಳಿಗೆ ನೀರು ಹಾಕುತ್ತಿದ್ದ ಅದೇ ಕೇರಿಯ ಕೂಲಿಯವರು ಕೊಡ ಇಳಿಸಿದರು. ಮುದುಕ ಮುನಿವೆಂಕಟಪ್ಪ ಬಿದ್ದಿದ್ದ ಹಾರೆ ತೆಗೆದುಕೊಂಡು ಗಿಡಗಳ ನಡುವೆ ನುಗ್ಗಿದ. ಅಡ್ಡ ಬಂದ ಬೋರ್ಡುಗಳನ್ನು ಕಿತ್ತೆಸೆಯುತ್ತ ಅಲ್ಲೊಂದು ಕಡೆ ಚುಚ್ಚಿದ, ಇಲ್ಲೊಂದು ಕಡೆ ಚುಚ್ಚಿದ. ಹೆಂಗಸರು ಅವನ ಹಿಂದೆ ಹೋಗಿ ಮಂಡಿಯೂರಿ ಕೈಯಲ್ಲಿ ಕೆದರಿದರು. ಒಬ್ಬಳಿಗೆ ಗಂಡ ಬೇಕಿತ್ತು, ಒಬ್ಬಳಿಗೆ ಹಾಲುಗೂಸು. ಸಿಕ್ಕಿದ್ದೆಲ್ಲ ಗೊಬ್ಬರ ಬೆರೆಸಿದ ಹೊಸ ಮಣ್ಣು.

ಮುದುಕ ಏದುಸಿರು ಬಿಡುತ್ತ ಗುಂಡಿಯ ಬಳಿಗೆ ವಾಪಸು ಬಂದ.

"ನೀನಾರ ಕಂಡ್ಕಂಡೆ ಬುಡವ್ವ. ನಮ್ಮವ್ವ ಎಲ್ಲೂ ಸಿಗ್ನಿಲ್ಲ."

ಮುನಿತಾಯಮ್ಮ ಒತ್ತಟ್ಟಿಗೆ ಸರಿದು ಜಾಗ ಮಾಡಿದಳು.

"ಇಲ್ಲೇ ಕೂತ್ಕೊಂಡ್ ಅಳು ಬಾ ಮಾವ."

ಅವನು ಇಳಿದು ಕೂತ. ಗೇಟಿನ ಕಡೆಯಿಂದ ಲಾಠಿ ಹಿಡಿದವರು ಓಡಿ ಬರುತ್ತಿದ್ದರು.